ಮಧ್ಯಾಹ್ನ ಬಿಟ್ಟುಕೊಡಿ: ಕೆರೆ ದಂಡೆಯ ಮನೆಯಲ್ಲಿ ಶಿವರಾತ್ರಿಯಿಂದ ಯುಗಾದಿವರೆಗೆ

ಯಾದಗಿರಿ ಕಡೆ ವಸಂತ ಕಳೆಯೋಕೆ ಹೊರಟಿದ್ದೀನಿ ಅಂದರೆ ನಮ್ಮ ಆಫೀಸಿನಲ್ಲಿ ಎಲ್ಲರೂ ನಗುತ್ತಾರೆ. ನಮ್ಮ ಭಾಗಕ್ಕೆ ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಭಾರೀ ಬೇಸಿಗೆ ಅನ್ನೋದು ಹಳೇ ಜೋಕು. ಪೂರ್ತಿ ಸುಳ್ಳೇನೂ ಅಲ್ಲ. ಆದರೆ ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೊರಟ ಮೇಲೆ, ಯುಗಾದಿ ಬಿಸಿಲು ಬಂದು ತಳವೂರುವ ಮೊದಲು, ನಡುವೆ ನಾಲ್ಕೈದು ವಾರ ಸಿಗುತ್ತವೆ. ಬೇವು ಎಲೆ ಉದುರಿಸಿ ತಾಮ್ರದ ಬಣ್ಣದ ಚಿಗುರು ಬಿಡುವ ಹೊತ್ತು ಅದು. ಆ ವಾರಗಳನ್ನು ಕೆರೆ ದಂಡೆಯ ಮನೆಯಲ್ಲಿ ಸುಮ್ನೆ ಕಳೆಯೋದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ.

ನನ್ನ ಸೋದರಮಾವನ ಮನೆ ಸುರಪುರ ತಾಲೂಕಿನ ಒಂದು ಊರಿನ ಕೆರೆ ಪಕ್ಕದಲ್ಲಿದೆ. ಮಾವ ಮಗನ ಜೊತೆ ಹೈದರಾಬಾದಿಗೆ ಹೋದ ಮೇಲೆ ಕೀಲಿಕೈ ಕಲಬುರಗಿಯಲ್ಲಿರುವ ನನ್ನ ಹತ್ತಿರ ಬಂತು. ಮಣ್ಣಿನ ಮಾಳಿಗೆ, ದಪ್ಪ ಗೋಡೆ, ಹಿಂದೆ ಒಂದು ಬೇವಿನ ಮರ, ಮುಂದೆ ಕಟ್ಟೆ. ಕಟ್ಟೆಯಿಂದ ನೂರು ಹೆಜ್ಜೆ ನಡೆದರೆ ನೀರು. ಮೊದಲ ವರ್ಷ ಹೋದಾಗ ನನಗೆ ಅಲ್ಲಿ ಇರೋದಕ್ಕೇ ಬರಲಿಲ್ಲ. ಒಂಬತ್ತಕ್ಕೆ ಎದ್ದೆ, ಹನ್ನೊಂದಕ್ಕೆ ಕ್ಯಾಮೆರಾ ಹಿಡಿದು ಕೆರೆಗೆ ಹೋದೆ, ಹನ್ನೆರಡೂವರೆಗೆ ತಲೆನೋವು ಹೊತ್ತು ಬಂದೆ. ಮೂರನೇ ದಿನ ಏರಿ ಮೇಲೆ ಬಲೆ ಒಣಗಿಸುತ್ತಿದ್ದ ಮೀನುಗಾರ ಅಣ್ಣ ನನ್ನನ್ನು ನೋಡಿ ಅಂದ: “ಬೆಳಕ ಹರಿಯೂ ಮುಂದ ಬರ್ರಿ ಸಾಹೇಬ್ರ. ಈ ಹೊತ್ತಿನಾಗ ಕೆರಿನೂ ಮಲಗಿರ್ತದ.”

ಇಡೀ ಲೇಖನದ ಸಾರ ಅವನ ಮಾತಲ್ಲೇ ಇದೆ. ಹತ್ತೂವರೆಯಿಂದ ಸಂಜೆ ನಾಲ್ಕೂವರೆವರೆಗಿನ ಹೊತ್ತನ್ನು ಬಿಸಿಲಿಗೆ ಬಿಟ್ಟುಕೊಡಿ. ಆಗ ನಿಮಗೆ ಒಂದೇ ದಿನದಲ್ಲಿ ಎರಡು ದಿನ ಸಿಗುತ್ತವೆ, ಬೆಳಗಿನದೊಂದು, ಸಂಜೆಯದೊಂದು.

ಹೊರಡುವ ಮೊದಲು ಕೆರೆಯನ್ನು ವಿಚಾರಿಸಿ

ಕ್ಯಾಲೆಂಡರ್ ನೋಡಿ ರಜೆ ಹಾಕಬೇಡಿ, ಮೊದಲು ಊರಿಗೆ ಫೋನ್ ಮಾಡಿ. ಮಳೆ ಕೈಕೊಟ್ಟ ವರ್ಷ ನಮ್ಮ ಕಡೆಯ ಸಣ್ಣ ಕೆರೆಗಳು ಫೆಬ್ರವರಿಯಲ್ಲೇ ತಳ ಕಾಣಿಸುತ್ತವೆ. ಕೇಳಬೇಕಾದ್ದು ಇಷ್ಟೇ: ನೀರು ತೂಬಿನ ಕಲ್ಲಿನಿಂದ ಎಷ್ಟು ಕೆಳಗಿದೆ? ಕಾಲುವೆಗೆ ನೀರು ಬಿಡ್ತಾ ಇದ್ದಾರಾ? ಹಕ್ಕಿ ಇವೆಯಾ?

ಕಾಲುವೆಯ ಪ್ರಶ್ನೆ ಯಾಕೆ ಅಂದರೆ, ಸುರಪುರ, ಶಹಾಪುರ ಕಡೆಯ ಹೊಲಗಳಿಗೆ ನಾರಾಯಣಪುರದ ಎಡದಂಡೆ ಕಾಲುವೆಯಿಂದ ಕೃಷ್ಣೆಯ ನೀರು ಬರುತ್ತದೆ. ಹಿಂಗಾರಿನಲ್ಲಿ ವಾರಬಂದಿ ಪದ್ಧತಿಯಲ್ಲಿ ಬಿಡುತ್ತಾರೆ, ಅಂದರೆ ಕೆಲವು ದಿನ ನೀರು, ಕೆಲವು ದಿನ ಬಂದ್. ಕಾಲುವೆ ಹರಿಯುವಾಗ ಅದರ ಬಸಿ ನೀರು ಎಷ್ಟೋ ಕೆರೆಗಳಿಗೆ ಸೇರುತ್ತದೆ. ಕೆರೆಗೆ ಒಳ್ಳೆಯದೇ. ಸೊಳ್ಳೆಗೂ ಒಳ್ಳೆಯದೇ. ಅದರ ಮಾತು ಆಮೇಲೆ.

ದಿನಗಳ ವಿಷಯದಲ್ಲಿ ನನ್ನ ಆಯ್ಕೆ ಶಿವರಾತ್ರಿ ಮುಗಿದ ಮರುವಾರದಿಂದ ಹೋಳಿ ಹುಣ್ಣಿವೆವರೆಗೆ. ಆಗ ಮಧ್ಯಾಹ್ನ 34-35 ಡಿಗ್ರಿ ಮುಟ್ಟಿದರೂ ಬೆಳಗಿನ ಜಾವ 20ರ ಆಸುಪಾಸಿಗೆ ಇಳಿಯುತ್ತದೆ, ಕೌದಿ ಬೇಕೆನಿಸುತ್ತದೆ. ಹೋಳಿ ಆದ ಮೇಲೆ ದಿನದಿನಕ್ಕೂ ಬಿಸಿಲು ಏರುತ್ತದೆ. ಕಲಬುರಗಿಯವರಾದರೆ ಇನ್ನೊಂದು ಲೆಕ್ಕವೂ ಇದೆ. ಹೋಳಿ ಆಗಿ ಐದನೇ ದಿನಕ್ಕೆ ಶರಣಬಸವೇಶ್ವರ ಜಾತ್ರೆ. ತೇರಿಗೆ ಊರಲ್ಲಿ ಇರಲೇಬೇಕು ಅಲ್ವಾ? ಹಾಗಾಗಿ ಅದಕ್ಕೆ ಮುಂಚೆಯೇ ಕೆರೆ ದಂಡೆಯ ವಾಸ ಮುಗಿಸೋದು ವಾಸಿ.

ಬೀದರ್ ಕಡೆ ಮನೆ ಇದ್ದವರು ಪುಣ್ಯವಂತರು. ಬೀದರ್ ಎತ್ತರದಲ್ಲಿದೆ, ಕಲಬುರಗಿ, ಯಾದಗಿರಿಗಿಂತ ಯಾವಾಗಲೂ ಕೊಂಚ ತಂಪು. ಕಾರಂಜಾ ಜಲಾಶಯದ ಸುತ್ತಲಿನ ಹಳ್ಳಿಗಳಲ್ಲಿ ಈ ಹಿತವಾದ ದಿನಗಳು ಇನ್ನೂ ಒಂದು ವಾರ ಹೆಚ್ಚು ಉಳಿಯುತ್ತವೆ.

ಬೀಗ ತೆಗೆದ ಮೊದಲ ಎರಡು ಗಂಟೆ

ಮುಚ್ಚಿದ ಮನೆಗೆ ಹೋದ ಕೂಡಲೇ ಹಾಸಿಗೆ ಬಿಚ್ಚಬೇಡಿ. ಮೊದಲು ಬಾಗಿಲು ಕಿಟಕಿ ಎಲ್ಲ ತೆಗೆದು, ಹೊರಗೆ ಕಟ್ಟೆ ಮೇಲೆ ಕೂತು ಒಂದು ಚಹಾ ಕುಡಿಯಿರಿ. ಒಳಗಿರುವ ಹಲ್ಲಿ, ಬಾವಲಿ, ಹೆಗ್ಗಣಗಳಿಗೂ ಹೊರಡಲು ಹೊತ್ತು ಬೇಕು. ಆಮೇಲೆ ಉದ್ದ ಕೋಲಿನಿಂದ ಮೂಲೆ, ಕಟ್ಟಿಗೆ ರಾಶಿ, ಹೊರಸಿನ ಕೆಳಗೆ ಬಡಿದು ನೋಡಿ. ಕೌದಿ, ಕಂಬಳಿಗಳನ್ನು ಅಂಗಳದಲ್ಲೇ ಝಾಡಿಸಿ ಬಿಸಿಲಿಗೆ ಹಾಕಿ. ಬಿಸಿಲು ಏರುವ ಕಾಲದಲ್ಲಿ ಹಾವು ಚೇಳು ಓಡಾಡಲು ಶುರು ಮಾಡುತ್ತವೆ. ಕೆರೆ ಹತ್ತಿರ ಕಪ್ಪೆ, ಇಲಿ ಎರಡೂ ಇರುವುದರಿಂದ ಹಾವು ಇದ್ದೇ ಇರುತ್ತದೆ. ರಾತ್ರಿ ಹೊರಗೆ ಕಾಲಿಡುವಾಗ ಬ್ಯಾಟರಿ, ಮುಚ್ಚಿದ ಚಪ್ಪಲಿ, ಎರಡೂ ಬೇಕು. ಕಚ್ಚಿದರೆ ಕಟ್ಟೋದು, ಕೊಯ್ಯೋದು, ಮಂತ್ರ ಹಾಕಿಸೋದು ಬೇಡ. ಕಾಲು ಅಲುಗಾಡಿಸದೆ ಸೀದಾ ತಾಲೂಕು ಆಸ್ಪತ್ರೆಗೆ. 108ಕ್ಕೆ ಫೋನ್ ಮಾಡಿ.

ನೆಲ ಒರೆಸುವ ಬಗ್ಗೆ ಒಂದು ಮಾತು. ನಮ್ಮ ಕಡೆ ಬಹಳಷ್ಟು ಹಳೇ ಮನೆಗಳಿಗೆ ಶಹಾಬಾದ್ ಕಲ್ಲು ಹಾಸಿರುತ್ತಾರೆ. ಬರಿಗಾಲಲ್ಲಿ ನಿಂತರೆ ಸುಖ, ಮಧ್ಯಾಹ್ನ ಮಲಗಿದರೆ ಇನ್ನೂ ಸುಖ. ಆದರೆ ಅದು ಸುಣ್ಣದ ಕಲ್ಲು. ಆಸಿಡ್ ಇರುವ ಕ್ಲೀನರ್ ತಾಗಿದರೆ ಬುರುಗು ಬಂದು ಕಲ್ಲೇ ಕರಗುತ್ತದೆ. ನಾನು ಗೊತ್ತಿಲ್ಲದೆ ಬಚ್ಚಲು ತೊಳೆಯುವ ದ್ರಾವಣವನ್ನು ಪಡಸಾಲೆಯ ಕಲೆ ಮೇಲೆ ಸುರಿದೆ. ಸುಯ್ ಅಂತ ಸದ್ದು ಬಂತು, ಬಿಳಿ ನೊರೆ ಎದ್ದಿತು, ಒರೆಸಿ ನೋಡಿದರೆ ಕಲೆ ಹೋಗಿತ್ತು. ಅದರ ಜೊತೆ ಕಲ್ಲಿನ ಹೊಳಪೂ ಹೋಗಿತ್ತು. ಅಂಗೈ ಅಗಲದ ಒರಟು ಗುರುತು ಈಗಲೂ ಇದೆ. ಮಾವ ಬಂದಾಗೆಲ್ಲ ಅದರ ಮೇಲೆ ಹೊರಸು ಎಳೆದಿಡುತ್ತೇನೆ. ಬರೀ ನೀರು ಸಾಕು. ಜಿಡ್ಡಿದ್ದರೆ ಸ್ವಲ್ಪ ಸೋಪಿನ ಪುಡಿ.

ಕುಡಿಯುವ ನೀರಿಗೆ ಕೆರೆ, ಬೋರ್‌ವೆಲ್ ಎರಡನ್ನೂ ನಂಬಬೇಡಿ. ಯಾದಗಿರಿ ಜಿಲ್ಲೆಯ ಹಲವು ಊರುಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ. ಕುದಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಇನ್ನಷ್ಟು ಗಟ್ಟಿಯಾಗುತ್ತದೆ, ಅಷ್ಟೇ. ಊರಿನ ಶುದ್ಧ ನೀರಿನ ಘಟಕದಿಂದ 20 ಲೀಟರ್ ಕ್ಯಾನ್ ತನ್ನಿ.

ತಂದ ನೀರನ್ನು ಫ್ರಿಜ್ಜಿಗೆ ಹಾಕುವ ಬದಲು ಮಣ್ಣಿನ ರಂಜಣಗಿಗೆ ಹಾಕಿ. ಹೊಸದಾದರೆ ಒಂದು ದಿನ ಪೂರ್ತಿ ನೀರಲ್ಲಿ ನೆನೆಸಿ, ಆ ನೀರು ಚೆಲ್ಲಿ, ಆಮೇಲೆ ಬಳಸಿ. ಇಡೋದು ಗಾಳಿ ಆಡುವ ಜಾಗದಲ್ಲಿ, ಒದ್ದೆ ಮರಳಿನ ಮೇಲೆ. ಕೆಲವರು ಚಂದ ಕಾಣಲಿ ಅಂತ ಮಡಿಕೆಗೆ ಆಯಿಲ್ ಪೇಂಟ್ ಬಳಿಯುತ್ತಾರೆ. ಬಳಿದರೆ ಮಡಿಕೆಯ ಮೈ ಬೆವರುವುದಿಲ್ಲ. ಬೆವರದಿದ್ದರೆ ನೀರು ತಣ್ಣಗಾಗುವುದಿಲ್ಲ. ನಮ್ಮ ಕಡೆ ಮಾರ್ಚಿನ ಗಾಳಿ ಎಷ್ಟು ಒಣ ಅಂದರೆ, ರಾತ್ರಿ ತುಂಬಿಟ್ಟ ರಂಜಣಗಿಯ ನೀರು ಬೆಳಗ್ಗೆ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುತ್ತದೆ.

ಕಿಟಕಿಗೂ ಟೈಮ್‌ಟೇಬಲ್ ಇದೆ

ಇದು ಸಣ್ಣ ವಿಷಯ ಅನ್ನಿಸಬಹುದು. ಮನೆ ತಂಪಾಗಿರೋದು, ಆಗದಿರೋದು ಎಲ್ಲ ಇದರಲ್ಲೇ ಇದೆ. ಕೆರೆ ಗಾಳಿ ಬರಲಿ ಅಂತ ನಾನು ದಿನವಿಡೀ ಕಿಟಕಿ ತೆರೆದಿಡುತ್ತಿದ್ದೆ. ಪಕ್ಕದ ಮನೆಯ ಆಯಿ ಒಂದಿನ ಅಂಗಳದಿಂದಲೇ ಕೂಗಿದಳು: “ಏ ತಮ್ಮಾ, ಕಿಡಕಿ ತಗದಿಟ್ಟಿ ಏನು? ಮನಿ ಒಲಿ ಆಗ್ತದ ನೋಡು!”

ಆಯಿ ಹೇಳಿದ್ದು ಸರಿ. ದಪ್ಪ ಮಣ್ಣಿನ ಗೋಡೆ ರಾತ್ರಿಯ ತಂಪನ್ನು ಹಿಡಿದಿಟ್ಟುಕೊಂಡು ಹಗಲಿಡೀ ನಿಧಾನಕ್ಕೆ ಬಿಟ್ಟುಕೊಡುತ್ತದೆ. ಬಿಸಿಗಾಳಿ ಒಳಗೆ ಬಿಟ್ಟರೆ ಆ ಕೂಡಿಟ್ಟ ತಂಪು ಮಧ್ಯಾಹ್ನದೊಳಗೆ ಖಾಲಿ. ಆದ್ದರಿಂದ ಬೆಳಗ್ಗೆ ಐದಕ್ಕೆ ಎಲ್ಲ ತೆಗೆಯಿರಿ. ಒಂಬತ್ತೂವರೆಗೆ ಮುಚ್ಚಿ, ಪರದೆ ಎಳೆಯಿರಿ. ಮಾಳಿಗೆಯ ಬೆಳಕಿಂಡಿ ಇದ್ದರೆ ಅದು ತೆರೆದೇ ಇರಲಿ, ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ. ಸಂಜೆ ಹೊರಗಿನ ಗೋಡೆ ಮುಟ್ಟಿ ನೋಡಿ. ಬಿಸಿ ಇಳಿದಿದ್ದರೆ ತೆಗೆಯಬಹುದು. ಆದರೆ ಸೊಳ್ಳೆ ಹೊತ್ತು ದಾಟಿದ ಮೇಲೆ.

ಮಧ್ಯಾಹ್ನ ತಡೆಯಲಾರದಷ್ಟು ಸೆಕೆ ಆದರೆ ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿ. ಲಾವಂಚದ ಪರದೆ ಸಿಕ್ಕರೆ ಇನ್ನೂ ಒಳ್ಳೆಯದು, ಪರಿಮಳವೂ ಬರುತ್ತದೆ.

ಬೆಳಗಿನ ದಿನ

ಫೆಬ್ರವರಿ ನಡುವೆ ನಮ್ಮಲ್ಲಿ ಸೂರ್ಯ ಹುಟ್ಟೋದು ಹೆಚ್ಚು ಕಡಿಮೆ 6.45ಕ್ಕೆ. ಮಾರ್ಚ್ 20ರ ಹೊತ್ತಿಗೆ 6.30ರ ಒಳಗೆ. ನೀವು ಅದಕ್ಕಿಂತ ಅರ್ಧ ಗಂಟೆ ಮುಂಚೆ ಕೆರೆ ಏರಿ ಮೇಲಿರಬೇಕು. ಮುಖ ತೊಳೆದು, ಫ್ಲಾಸ್ಕಿನಲ್ಲಿ ಚಹಾ ಹಾಕಿಕೊಂಡು, ಮೈತುಂಬ ಒಂದು ಶಾಲು ಹೊದ್ದು ಹೊರಡಿ. ಬಿಳಿ ಅಂಗಿ, ಕೆಂಪು ಟೀ ಶರ್ಟು ಬೇಡ. ಮಣ್ಣಿನ ಬಣ್ಣದ ಬಟ್ಟೆ ಇರಲಿ.

ತೂಬಿನ ಹತ್ತಿರ ಒಂದು ಕಲ್ಲು ಹುಡುಕಿಕೊಂಡು ಕೂತುಬಿಡಿ. ಮೊದಲ ಹದಿನೈದು ನಿಮಿಷ ಏನೂ ಕಾಣಿಸುವುದಿಲ್ಲ. ನೀವು ಬಂದ ಸದ್ದಿಗೆ ಎಲ್ಲ ದೂರ ಸರಿದಿರುತ್ತವೆ. ಇಪ್ಪತ್ತನೇ ನಿಮಿಷಕ್ಕೆ ಒಂದೊಂದೇ ವಾಪಸು ಬರುತ್ತವೆ. ಮೊದಲು ನಾಮದ ಕೋಳಿಗಳು, ಕಪ್ಪು ಮೈ, ಹಣೆ ಮೇಲೆ ಬಿಳಿ ನಾಮ. ನೀರಿನ ಮೇಲೆ ಜಗಳ ಆಡುತ್ತಲೇ ಇರುತ್ತವೆ. ಆಮೇಲೆ ಗುಳುಮುಳುಕ. ಮುಷ್ಟಿಯಷ್ಟಿರುವ ಕಂದು ಹಕ್ಕಿ, ಕಾಣಿಸಿತು ಅನ್ನುವಷ್ಟರಲ್ಲಿ ಬುಳುಕ್ ಅಂತ ಮುಳುಗುತ್ತದೆ. ಎಣಿಸುತ್ತಾ ಕೂರಿ. ಹದಿನೈದು, ಇಪ್ಪತ್ತು ಎಣಿಸುವ ಹೊತ್ತಿಗೆ ಎಲ್ಲೋ ದೂರದಲ್ಲಿ ತಲೆ ಎತ್ತುತ್ತದೆ. ನೀವು ನೋಡುತ್ತಿದ್ದ ಕಡೆ ಮಾತ್ರ ಏಳುವುದಿಲ್ಲ.

ಕಪ್ಪು ಬಿಳಿ ಮಿಂಚುಳ್ಳಿ ಬಂದರೆ ಬೇರೆಲ್ಲ ಬಿಟ್ಟು ಅದನ್ನೇ ನೋಡಿ. ನೀರಿನ ಮೇಲೆ ಮೂರಾಳು ಎತ್ತರದಲ್ಲಿ ಗಾಳಿಯಲ್ಲೇ ನಿಲ್ಲುತ್ತದೆ. ರೆಕ್ಕೆ ಪಟಪಟ, ಕೊಕ್ಕು ನೇರ ಕೆಳಗೆ, ತಲೆ ಮಾತ್ರ ಅಲುಗುವುದಿಲ್ಲ. ಮೀನು ತಪ್ಪಿತು ಅನ್ನಿಸಿದರೆ ಹತ್ತಡಿ ಮುಂದೆ ಸರಿದು ಮತ್ತೆ ನಿಲ್ಲುತ್ತದೆ. ಬಿದ್ದಾಗ ಕಲ್ಲು ಬಿದ್ದ ಹಾಗೆ ಬೀಳುತ್ತದೆ.

ನಿಮ್ಮ ಕೆರೆಗೆ ಅದೃಷ್ಟ ಇದ್ದರೆ ಪಟ್ಟೆತಲೆ ಹೆಬ್ಬಾತುಗಳು ಇರುತ್ತವೆ. ಬೂದು ಮೈ, ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ಚಳಿಗಾಲ ಕಳೆಯಲು ಇಲ್ಲಿಗೆ ಬರುತ್ತವೆ. ಇವು ರಾತ್ರಿ ಹೊಲಗಳಿಗೆ ಮೇಯಲು ಹೋಗಿ, ಬೆಳಗ್ಗೆ ಕೆರೆಗೆ ವಾಪಸು ಬರುತ್ತವೆ. ಕಡಲೆ ಹೊಲದ ರೈತರನ್ನು ಕೇಳಿ, ಇವುಗಳ ಬಗ್ಗೆ ಬೇರೆಯದೇ ಕಥೆ ಹೇಳುತ್ತಾರೆ! ಮಸುಕು ಬೆಳಕಲ್ಲಿ ಮೊದಲು ಕೂಗು ಕೇಳಿಸುತ್ತದೆ, ಮೂಗಿನಲ್ಲಿ ಮಾತಾಡಿದ ಹಾಗೆ ಆಂಗ್, ಆಂಗ್ ಅಂತ. ಆಮೇಲೆ ಆಕಾಶದಲ್ಲಿ ಓರೆ ಗೆರೆ. ತಲೆ ಮೇಲೆ ಬಂದು ಒಮ್ಮೆಗೇ ರೆಕ್ಕೆ ಬಿಗಿಹಿಡಿದು ಇಳಿಯುತ್ತವೆ. ಮಾರ್ಚ್ ಬಂತೆಂದರೆ ಗುಂಪುಗಳು ಒಂದೊಂದಾಗಿ ಉತ್ತರಕ್ಕೆ ಹೊರಡುತ್ತವೆ. ಒಂದು ಬೆಳಗ್ಗೆ ನೂರು ಇದ್ದವು, ಮರುದಿನ ಮೂವತ್ತು. ಯಾವಾಗ ಹೋದವು ಅಂತ ಯಾರೂ ನೋಡಿರುವುದಿಲ್ಲ.

ದುರ್ಬೀನು ಕೊಳ್ಳುವುದಿದ್ದರೆ 8x42 ಅಂತ ಬರೆದಿರುವುದು ಸಾಕು. ಇನ್ನೂ ಜಾಸ್ತಿ ಪವರ್ ಬೇಕು ಅಂತ ದೊಡ್ಡದು ತಂದರೆ ಕೈ ನಡುಗಿ ಹಕ್ಕಿಯೂ ನಡುಗುತ್ತದೆ. ಡ್ರೋನ್ ಖಂಡಿತ ಬೇಡ. ಒಂದು ಡ್ರೋನ್ ಹಾರಿದರೆ ಕೆರೆಯ ಎಲ್ಲ ಹಕ್ಕಿಯೂ ಏಳುತ್ತದೆ. ಸಾವಿರಾರು ಮೈಲಿ ಹಾರಬೇಕಾದವು ಮೈಯಲ್ಲಿ ಕೂಡಿಟ್ಟ ಕೊಬ್ಬನ್ನು ನಿಮ್ಮ ವಿಡಿಯೊಗಾಗಿ ಸುಡುತ್ತವೆ.

ಬಟ್ಟೆ ಒಗೆಯುವ ಕಲ್ಲುಗಳ ಕಡೆ ಕ್ಯಾಮೆರಾ ತಿರುಗಿಸಬೇಡಿ. ಏಳು ಗಂಟೆ ಮೇಲೆ ಅದು ಊರ ಹೆಣ್ಣುಮಕ್ಕಳ ಜಾಗ. ಆ ಹೊತ್ತಿಗೆ ನೀವು ಏರಿಯ ಆ ತುದಿಗೆ ಹೋಗಿಬಿಡಿ. ಮೀನುಗಾರರು ರಾತ್ರಿ ಬಿಟ್ಟ ಬಲೆ ಎತ್ತುವುದೂ ಅದೇ ಹೊತ್ತಿಗೆ. ಮೀನು ಬೇಕಿದ್ದರೆ ದಂಡೆಯಲ್ಲೇ ಕೇಳಿ, ರೋಹು, ಕಾಟ್ಲಾ ಸಿಗುತ್ತವೆ. ಚೌಕಾಸಿ ಮಾಡಬೇಡಿ. ಬೆಳಗಿನ ಮೂರಕ್ಕೆ ಎದ್ದವನ ಹತ್ತಿರ ಐದಕ್ಕೆ ಎದ್ದವನು ಹತ್ತು ರೂಪಾಯಿಗೆ ಜಗಳ ಆಡೋದು ಚಂದ ಅಲ್ಲ.

ಬಿಟ್ಟುಕೊಟ್ಟ ಮಧ್ಯಾಹ್ನ

ಒಂಬತ್ತೂವರೆಗೆ ಮನೆ ಸೇರಿ, ಕಿಟಕಿ ಮುಚ್ಚಿ, ಊಟದ ತಯಾರಿ. ಬೆಳಗ್ಗೆ ತಿಂಡಿಗೆ ಸುಸಲಾ ಮಾಡಿಕೊಂಡರೆ ಹತ್ತು ನಿಮಿಷದ ಕೆಲಸ. ಮಂಡಾಳನ್ನು (ಮಂಡಕ್ಕಿ) ನೀರಲ್ಲಿ ಅದ್ದಿ ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆಯಲ್ಲಿ ಕಲಸಿ, ಮೇಲೆ ಪುಟಾಣಿ ಪುಡಿ. ಮಧ್ಯಾಹ್ನಕ್ಕೆ ಮಾತ್ರ ನುಚ್ಚು ಮಜ್ಜಿಗೆ. ಇದಕ್ಕಿಂತ ತಂಪಾದ ಊಟ ನಮ್ಮ ಕಡೆ ಇಲ್ಲ.

ಒಂದು ಬಟ್ಟಲು ಬಿಳಿಜೋಳದ ನುಚ್ಚು ತೊಳೆದು ಒಂದು ಗಂಟೆ ನೆನೆಸಿ. ದಪ್ಪ ತಳದ ಪಾತ್ರೆಯಲ್ಲಿ ಐದು ಬಟ್ಟಲು ನೀರು ಕುದಿಸಿ, ಉಪ್ಪು ಹಾಕಿ, ನೆನೆದ ನುಚ್ಚು ಸುರಿಯಿರಿ. ಗಂಟಾಗದ ಹಾಗೆ ಕೈಯಾಡಿಸುತ್ತಾ ಸಣ್ಣ ಉರಿಯಲ್ಲಿ ಬೇಯಿಸಿ. ಬೆರಳಲ್ಲಿ ಒತ್ತಿದರೆ ಕಾಳು ಪಿಸುಕಿ ಹೋಗಬೇಕು. ಪೂರ್ತಿ ಆರಿದ ಮೇಲೆ ಮಜ್ಜಿಗೆ ಬೆರೆಸಿ. ಬಿಸಿ ಇರುವಾಗ ಹಾಕಿದರೆ ಮಜ್ಜಿಗೆ ಒಡೆಯುತ್ತದೆ. ಪಕ್ಕಕ್ಕೆ ಹಸಿ ಉಳ್ಳಾಗಡ್ಡಿ, ಶೇಂಗಾ ಹಿಂಡಿ. ರೊಟ್ಟಿ, ಪುಂಡಿ ಪಲ್ಯ ಬೇಕೆಂದವರು ಆಯಿಯಂಥವರನ್ನು ಕೇಳಿ, ದುಡ್ಡು ಕೊಟ್ಟು ಮಾಡಿಸಿಕೊಳ್ಳಿ. ಕಲಿಯದ ಕೈಯಲ್ಲಿ ಜೋಳದ ರೊಟ್ಟಿ ಬಡಿಯಲು ಹೋದರೆ ಮಧ್ಯಾಹ್ನದ ನಿದ್ದೆಯೂ ಹೋಗುತ್ತದೆ.

ಆಮೇಲೆ ಶಹಾಬಾದ್ ಕಲ್ಲಿನ ಮೇಲೆ ಕೌದಿ ಹಾಸಿ ಮಲಗಿ. ಇಷ್ಟೇ. ಇಲ್ಲಿ ಮಾಡಬೇಕಾದ್ದು ಏನೂ ಇಲ್ಲ. ಪುಸ್ತಕ ಇದ್ದರೆ ಹತ್ತು ಪುಟ ಓದಬಹುದು. ಕಲಬುರಗಿ ಆಕಾಶವಾಣಿ ಹಚ್ಚಿಟ್ಟರೆ ಅದರ ಪಾಡಿಗೆ ಅದು ಮಾತಾಡುತ್ತಿರುತ್ತದೆ. ಫೋನು ದೂರ ಇಡೋದು ಒಳ್ಳೆಯದು. ನಮ್ಮ ಊರಲ್ಲಿ ನೆಟ್‌ವರ್ಕ್ ಮಾಳಿಗೆ ಮೇಲೆ ಮಾತ್ರ ಸಿಗುತ್ತದೆ, ಮಧ್ಯಾಹ್ನ ಮಾಳಿಗೆ ಮೇಲೆ ಕಾಲಿಡೋಕಾಗಲ್ಲ, ಹಾಗಾಗಿ ನನಗೆ ಆ ಸಮಸ್ಯೆಯೇ ಬರಲಿಲ್ಲ.

ಸಂಜೆಯ ದಿನ

ನಾಲ್ಕೂವರೆಗೆ ಮುಖಕ್ಕೆ ನೀರು ಹಾಕಿಕೊಂಡು ಹೊರಡಿ. ಬೆಳಗ್ಗೆ ಕೂರುವ ಹೊತ್ತು, ಸಂಜೆ ನಡೆಯುವ ಹೊತ್ತು. ಕೆರೆ ಸುತ್ತಿ, ಹೊಲದ ಬದುಗಳ ಮೇಲೆ, ಆ ಕಡೆ ಗುಡ್ಡದ ತನಕ.

ಈ ಕಾಲದಲ್ಲಿ ಕಣ್ಣಿಗೆ ಮೊದಲು ಬೀಳೋದು ಮುತ್ತುಗ. ಒಂದೂ ಎಲೆ ಇರುವುದಿಲ್ಲ, ಕೊಂಬೆ ತುಂಬ ಕೇಸರಿ ಹೂ. ಬಿದ್ದ ಹೂ ಆರಿಸಿ ನೀರಲ್ಲಿ ಕುದಿಸಿದರೆ ಒಳ್ಳೆ ಹಳದಿ ಬಣ್ಣ ಬರುತ್ತದೆ, ಹೋಳಿಗೆ ಮಕ್ಕಳಿಗೆ ಕೊಡಬಹುದು. ಹುಣಸೆ ಬಡಿಯುವ ಕಾಲವೂ ಇದೇ. ಹೊಲಗಳಲ್ಲಿ ಬಿಳಿಜೋಳ ಕೊಯ್ಲಿಗೆ ಬಂದಿರುತ್ತದೆ ಅಥವಾ ಕಣದಲ್ಲಿ ರಾಶಿ ನಡೆದಿರುತ್ತದೆ. ರಾಶಿ ಮಾಡುವವರ ಹತ್ತಿರ ನಿಂತು ಮಾತಾಡಿ, ಆದರೆ ಚಪ್ಪಲಿ ಹಾಕಿಕೊಂಡು ಕಣದೊಳಗೆ ಕಾಲಿಡಬೇಡಿ.

ಕೊಯ್ಯದೆ ಉಳಿದ ಜೋಳದ ಹೊಲದ ಮೇಲೆ ಒಂದು ಮೋಡ ಎದ್ದು ಬಿದ್ದು ಆಡುತ್ತಿದ್ದರೆ ಅದು ಗುಲಾಬಿ ಮೈನಾಗಳ ಗುಂಪು. ತಲೆ, ರೆಕ್ಕೆ ಕಪ್ಪು, ಬೆನ್ನು ಹೊಟ್ಟೆ ಗುಲಾಬಿ. ಮಧ್ಯ ಏಷ್ಯಾ ಕಡೆಯಿಂದ ಬಂದು ಏಪ್ರಿಲ್ ಹೊತ್ತಿಗೆ ವಾಪಸಾಗುತ್ತವೆ. ತೆನೆ ಮೇಲೆ ಕೂತರೆ ರೈತ ಕವಣೆ ಬೀಸುತ್ತಾನೆ, ಗುಂಪು ಎದ್ದು ಪಕ್ಕದವನ ಹೊಲಕ್ಕೆ, ಅವನು ಬೀಸಿದರೆ ಮತ್ತೆ ಇಲ್ಲಿಗೆ. ಸೂರ್ಯ ಮುಳುಗುವ ಹೊತ್ತಿಗೆ ಎಲ್ಲ ಸೇರಿ ಕೆರೆಯ ಜಾಲಿ ಮರಗಳಿಗೆ ಇಳಿಯುತ್ತವೆ. ಹತ್ತು ನಿಮಿಷ ಕಿವಿ ಮುಚ್ಚಿಕೊಳ್ಳುವಷ್ಟು ಗಲಾಟೆ, ಆಮೇಲೆ ಯಾರೋ ಸ್ವಿಚ್ ಒತ್ತಿದ ಹಾಗೆ ಚುಪ್.

ನೀರು ಹಿಂದೆ ಸರಿದ ಕೆರೆ ಅಂಗಳದಲ್ಲಿ ನಡೆಯುವಾಗ ಹುಷಾರು. ಇದನ್ನು ನಾನು ಕಾಲು ಕಳೆದುಕೊಂಡು ಕಲಿತೆ, ಅಂದರೆ ಚಪ್ಪಲಿ ಕಳೆದುಕೊಂಡು. ಮೇಲೆ ಬಿರುಕು ಬಿಟ್ಟ ಒಣ ಮಣ್ಣು, ಬಿಸ್ಕತ್ತಿನ ಹಾಗೆ ಗಟ್ಟಿ ಕಾಣುತ್ತಿತ್ತು. ನಾಲ್ಕನೇ ಹೆಜ್ಜೆಗೆ ಬಿಸ್ಕತ್ತು ಮುರಿದು ಮೊಣಕಾಲವರೆಗೆ ಕಪ್ಪು ಕೆಸರಿಗೆ ಇಳಿದೆ. ಎಳೆದಷ್ಟೂ ಇನ್ನೊಂದು ಕಾಲು ಇಳಿಯಿತು. ಕುರಿ ಕಾಯುತ್ತಿದ್ದ ಹುಡುಗ ತನ್ನ ಕೋಲು ಚಾಚಿ ಎಳೆದು, ನಗು ತಡೆಯುತ್ತಾ ಹೇಳಿದ: “ಕಾಕಾ, ಕುರಿ ಹೆಜ್ಜಿ ಇದ್ದಲ್ಲಿ ಕಾಲ ಇಡ್ರಿ. ಎಮ್ಮಿ ಹೆಜ್ಜಿ ನೋಡಿ ಹೋಗಬ್ಯಾಡ್ರಿ.” ಕುರಿ ಗಟ್ಟಿ ನೆಲ ನೋಡಿ ನಡೆಯುತ್ತದೆ, ಎಮ್ಮೆಗೆ ಕೆಸರೇ ಬೇಕು. ಬಲಗಾಲಿನ ಚಪ್ಪಲಿ ಈಗಲೂ ಕೆರೆಯಲ್ಲೇ ಇದೆ.

ಮಾರ್ಚ್ ಆದರೆ ಇನ್ನೊಂದು ಕಾರಣಕ್ಕೂ ನೆಲ ನೋಡಿ ನಡೆಯಿರಿ. ಟಿಟ್ಟಿಭ ಹಕ್ಕಿ ಬಯಲು ನೆಲದಲ್ಲೇ, ಕಲ್ಲುಗಳ ನಡುವೆ ಮೊಟ್ಟೆ ಇಡಲು ಶುರು ಮಾಡುತ್ತದೆ. ಮೊಟ್ಟೆಯೂ ಕಲ್ಲಿನ ಬಣ್ಣದ್ದೇ. ಒಂದು ಟಿಟ್ಟಿಭ ನಿಮ್ಮ ತಲೆ ಮೇಲೆ ಸುತ್ತುತ್ತಾ ಅರಚುತ್ತಿದ್ದರೆ ಮೊಟ್ಟೆ ಹುಡುಕಲು ಹೋಗಬೇಡಿ, ಬಂದ ದಾರಿಯಲ್ಲೇ ಹಿಂದಕ್ಕೆ ಬನ್ನಿ.

ಸೊಳ್ಳೆಯ ಹೊತ್ತು

ಸಂಜೆ ಆರೂಕಾಲಿನಿಂದ ಏಳೂವರೆ. ಇಷ್ಟು ಹೊತ್ತು ಮನೆಯ ಬಾಗಿಲು ಕಿಟಕಿ ಮುಚ್ಚಿರಬೇಕು, ಇಲ್ಲವೇ ಜಾಳಿಗೆ ಇರಬೇಕು. ನೀವು ಕಟ್ಟೆ ಮೇಲೆ ಕೂರುವುದಾದರೆ ಪೂರ್ತಿ ತೋಳಿನ ಅಂಗಿ, ಹತ್ತಿರ ಒಂದು ಟೇಬಲ್ ಫ್ಯಾನ್. ಸೊಳ್ಳೆಗೆ ಗಾಳಿ ವಿರುದ್ಧ ಹಾರುವ ಶಕ್ತಿ ಕಡಿಮೆ, ಫ್ಯಾನಿನ ಮುಂದೆ ಹತ್ತಿರ ಬರೋದಿಲ್ಲ. ಬೇವಿನ ಸೊಪ್ಪಿನ ಹೊಗೆ ಹಾಕುತ್ತಾರೆ, ಹೊಗೆ ಇರುವ ತನಕ ಸ್ವಲ್ಪ ಕಡಿಮೆ ಆಗುತ್ತವೆ. ಆಮೇಲೆ ನಿಮ್ಮ ಕೆಮ್ಮು ಮಾತ್ರ ಉಳಿಯುತ್ತದೆ. ಮಲಗುವಾಗ ಪರದೆ ಕಟ್ಟಿ, ಅದರ ಅಂಚನ್ನು ಹಾಸಿಗೆ ಕೆಳಗೆ ಸಿಗಿಸಿ. ಅಂಗಳದ ಬಕೆಟ್, ಹಳೇ ಟೈರು, ತೆಂಗಿನ ಚಿಪ್ಪು, ಏನಿದ್ದರೂ ನೀರು ಚೆಲ್ಲಿ ಬೋರಲು ಹಾಕಿ. ಕೆರೆಯ ಸೊಳ್ಳೆಗಿಂತ ಮನೆಯಲ್ಲೇ ಹುಟ್ಟುವ ಸೊಳ್ಳೆ ಜಾಸ್ತಿ ಕಾಡುತ್ತದೆ, ಡೆಂಗಿ ತರೋದೂ ಅದೇ.

ಮಾಳಿಗೆ ಮೇಲೆ ರಾತ್ರಿ

ಊಟ ಮುಗಿಸಿ ಒಂಬತ್ತಕ್ಕೆ ಮಾಳಿಗೆ ಹತ್ತಿ. ಗೋಡೆಯಂಚಿಗೆ ಹಾಸಿಗೆ ಬೇಡ, ನಡುವೆ ಹಾಸಿ. ಶಿವರಾತ್ರಿ ಹೊತ್ತಿಗೆ ಅಮಾವಾಸ್ಯೆ ಹತ್ತಿರ ಇರುವುದರಿಂದ ಆಕಾಶ ಕಪ್ಪಗಿರುತ್ತದೆ. ನೆತ್ತಿಯ ಹತ್ತಿರ ಮಹಾವ್ಯಾಧ ನಕ್ಷತ್ರಪುಂಜ (ಓರಿಯನ್), ನಡುವಿನ ಮೂರು ನಕ್ಷತ್ರ ಸಾಲಾಗಿ. ಆ ಸಾಲನ್ನೇ ಹಿಡಿದು ದಕ್ಷಿಣ ಪೂರ್ವದ ಕಡೆ ಬಂದರೆ ಲುಬ್ಧಕ, ಆಕಾಶದಲ್ಲೇ ಅತಿ ಹೆಚ್ಚು ಹೊಳೆಯುವ ನಕ್ಷತ್ರ. ಅಲ್ಲಿಂದ ಕೆಳಗೆ, ನೇರ ದಕ್ಷಿಣಕ್ಕೆ, ಕೈ ಚಾಚಿ ಅಳೆದರೆ ದಿಗಂತದಿಂದ ಸುಮಾರು ಒಂದು ಗೇಣು ಮೇಲೆ ಒಂಟಿಯಾಗಿ ನಿಂತದ್ದು ಅಗಸ್ತ್ಯ. ಉತ್ತರ ಭಾರತದವರಿಗೆ ಇದು ತೀರಾ ಕೆಳಗೆ ಕಾಣುತ್ತದೆ, ನಮಗೆ ಆರಾಮಾಗಿ ಕಾಣಿಸುತ್ತದೆ. ಕೆರೆ ನಿಶ್ಚಲ ಇದ್ದರೆ ನೀರಲ್ಲೂ ಲುಬ್ಧಕ ಸಿಗುತ್ತದೆ.

ಮೂರು ಗಂಟೆ ಸುಮಾರಿಗೆ ಚಳಿ ಹತ್ತುತ್ತದೆ. ಕೌದಿ ಕಾಲ ಹತ್ತಿರವೇ ಇಟ್ಟುಕೊಂಡು ಮಲಗಿ, ಎದ್ದು ಕೆಳಗೆ ಹೋದರೆ ನಿದ್ದೆ ಹಾರುತ್ತದೆ.

ಬೇಸರ ಬಂದರೆ

ನಾಲ್ಕನೇ ದಿನಕ್ಕೆ ಕೆಲವರಿಗೆ ಬೇಸರ ಬರುತ್ತದೆ. ಬಂದರೆ ತಪ್ಪೇನಿಲ್ಲ, ಒಂದು ಬೆಳಗ್ಗೆ ಬೋನಾಳಕ್ಕೆ ಹೋಗಿ ಬನ್ನಿ. ಸುರಪುರದಿಂದ ಹತ್ತು ಹನ್ನೆರಡು ಕಿ.ಮೀ. ಅಲ್ಲಿನ ಕೆರೆಯೇ ಪಕ್ಷಿಧಾಮ. ವಾಪಸು ಬರುವಾಗ ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ನೋಡಬಹುದು. 1840ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿಯಾಗಿ ಇಲ್ಲಿದ್ದ ಮೆಡೋಸ್ ಟೇಲರ್‌ನ ಬಂಗಲೆ ಅದು. ಬಿಸಿಲಿನ ಊರಲ್ಲಿ ಮನೆ ಕಟ್ಟಲು ಗಾಳಿ ಎಲ್ಲಿ ಬೀಸುತ್ತದೆ ಅಂತ ಅವನು ಚೆನ್ನಾಗಿಯೇ ಹುಡುಕಿದ್ದಾನೆ. ಶಹಾಪುರದ ಕಡೆ ಹೋದರೆ ಮಲಗಿದ ಬುದ್ಧನ ಹಾಗೆ ಕಾಣುವ ಬೆಟ್ಟಸಾಲು ರಸ್ತೆಯಿಂದಲೇ ಕಾಣುತ್ತದೆ. ಕಲಬುರಗಿ ಜಿಲ್ಲೆಯವರಿಗೆ ಚಿಂಚೋಳಿ ಕಾಡಿನ ಚಂದ್ರಂಪಳ್ಳಿ ಜಲಾಶಯ ಇದೆ. ಎಲ್ಲಿಗೆ ಹೋದರೂ ಹತ್ತೂವರೆ ಒಳಗೆ ನೆರಳು ಸೇರಿ.

ಮತ್ತೆ ಬೀಗ ಹಾಕುವಾಗ

ಗ್ಯಾಸ್ ಬಂದ್ ಮಾಡಿ, ಮೇನ್ ಸ್ವಿಚ್ ಆರಿಸಿ. ರಂಜಣಗಿ ಖಾಲಿ ಮಾಡಿ ಒಂದು ದಿನ ಬಿಸಿಲಿಗಿಟ್ಟು ಬೋರಲು ಹಾಕಿ, ಇಲ್ಲದಿದ್ದರೆ ಮುಂದಿನ ವರ್ಷ ಪಾಚಿ ವಾಸನೆ ಬರುತ್ತದೆ. ಕೌದಿಗಳ ಮಡಿಕೆಯಲ್ಲಿ ಒಣಗಿದ ಬೇವಿನ ಸೊಪ್ಪು. ಉಳಿದ ಉಳ್ಳಾಗಡ್ಡಿ, ಬೆಲ್ಲ, ಜೋಳದ ನುಚ್ಚು ಪಕ್ಕದ ಮನೆಗೆ ಕೊಟ್ಟುಬಿಡಿ. ಬಚ್ಚಲ ಮೋರಿಗೆ ಒಂದು ಚಪ್ಪಟೆ ಕಲ್ಲು ಮುಚ್ಚಿ, ಹಾವು ಒಳಗೆ ಬರುವ ದಾರಿಯೇ ಅದು. ಆಮೇಲೆ ಏರಿ ಕಡೆ ಹೋಗಿ ಮೀನಿನ ಬಾಕಿ ಕೊಟ್ಟು ಬನ್ನಿ. ನಾನು ಈ ಸಲ ಅದನ್ನೇ ಮರೆತು ಕಲಬುರಗಿ ಬಸ್ ಹತ್ತಿದೆ. ಅಣ್ಣನಿಗೆ ನಲವತ್ತು ರೂಪಾಯಿ ಕೊಡೋದಿದೆ.